ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ ಗಡುವಿನ ಪ್ರಶ್ನೆ

ದೂರದಲ್ಲಿರುವವನೊಬ್ಬನಿಗೆ ಒಂದು ಕೆಲಸವನ್ನು ಒಪ್ಪಿಸಿದ ಮೇಲೆ ಅವನ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ಕಾದರೂ ಉತ್ತರ ಬಾರದಿದ್ದರೆ ಏನೆಂದು ತಿಳಿಯಬೇಕು ಎಂಬುದು ಮನುಷ್ಯವ್ಯವಹಾರದಷ್ಟೇ ಹಳೆಯದಾದ ಪ್ರಶ್ನೆ. ವರ್ತಕರೂ ರಾಯಭಾರಿಗಳೂ ನ್ಯಾಯಾಧೀಶರೂ ತಮ್ಮ ತಮ್ಮ ಕಾಲದಲ್ಲಿ ಇದಕ್ಕೆ ತಮಗೆ ತೋಚಿದ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಇಂದು ಅದೇ ಪ್ರಶ್ನೆ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರ ಮುಂದೆ ದಿನಕ್ಕೆ ಹತ್ತು ಸಲ ಬಂದು ನಿಲ್ಲುತ್ತದೆ. ಅವರು ಅದನ್ನು ‘ಟೈಮ್‌ಔಟ್’ ಎನ್ನುತ್ತಾರೆ. ನಾವು ಗಡುವು ಎನ್ನಬಹುದು. ವಿಷಯವು ಗಣಕಶಾಸ್ತ್ರಕ್ಕೆ ಸೇರಿದುದಾದ್ದರಿಂದ ಇತಿಹಾಸದ ಅಧ್ಯಾಪಕನೊಬ್ಬನು ಅದಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಹಳೆಯ ದಾಖಲೆಗಳ ಛಾಯಾಪ್ರತಿಗಳನ್ನು ದೂರದ ಸರ್ವರುಗಳಿಂದ ತರಿಸಿಕೊಳ್ಳಲು ಈಗ ಇತಿಹಾಸದ ವಿದ್ಯಾರ್ಥಿಗಳೂ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದಾರೆ. ಗಡುವನ್ನು ಇಡುವ ವಿಧಾನ ಅವರಿಗೆ ಚೆನ್ನಾಗಿ ತಿಳಿದಿದೆ. ಗಡುವು ಮೀರಿತೆಂದರೆ ಏನರ್ಥ ಎಂಬುದು ಅಷ್ಟಾಗಿ ತಿಳಿದಿಲ್ಲ. ಆ ಅರ್ಥವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ‘ಅಸಿಂಕ್ರೊನಸ್’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಪತ್ರಾಗಾರದಲ್ಲಿ ಕುಳಿತು ಓದಿದವರಿಗೆ ಇದು ಕಷ್ಟವಲ್ಲ. ಬೇಕಾದ ಕಡತದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಸಿಬ್ಬಂದಿಯವರು ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಾರೆ. ಅವರು ಮರಳುವವರೆಗೆ ಕೈಕಟ್ಟಿ ಬಾಗಿಲನ್ನೇ ನೋಡುತ್ತ ಕೂಡುವುದು ಒಂದು ರೀತಿ. ಮೇಜಿನ ಮೇಲಿರುವ ಇನ್ನೊಂದು ಕಡತವನ್ನು ಓದುತ್ತಿದ್ದು, ಕೇಳಿದ್ದು ಬಂದಾಗ ಅದರ ಕಡೆಗೆ ತಿರುಗುವುದು ಮತ್ತೊಂದು ರೀತಿ. ಈ ಎರಡನೆಯದೇ ಅಸಿಂಕ್ರೊನಸ್ ಕ್ರಮ. ಪ್ರೋಗ್ರಾಂ ಒಂದು ಕೋರಿಕೆಯನ್ನು ಕಳುಹಿಸಿ, ಉತ್ತರ ಬರುವ ತನಕ ಬೇರೆ ಕೆಲಸಗಳನ್ನು ನಡೆಸುತ್ತಿರುತ್ತದೆ. ‘ಇಲ್ಲಿ ಉತ್ತರ ಬೇಕು, ಬರುವವರೆಗೆ ಉಳಿದವರಿಗೆ ಎಡೆಗೊಡುತ್ತೇನೆ’ ಎಂಬ ಅರ್ಥದ ‘ಅವೇಟ್’ ಎಂಬ ಪದವನ್ನು ಸಿ ಶಾರ್ಪ್ ಭಾಷೆ 2012ರಲ್ಲಿ, ಪೈಥಾನ್ 2015ರಲ್ಲಿ, ಜಾವಾಸ್ಕ್ರಿಪ್ಟ್ 2017ರಲ್ಲಿ ಸೇರಿಸಿಕೊಂಡವು. ಅದಕ್ಕೆ ಮುಂಚೆಯೂ ಇಂಥ ಕೆಲಸಗಳು ನಡೆಯುತ್ತಿದ್ದವು. ಆದರೆ ಅವನ್ನು ಬರೆಯುವುದು ಪ್ರಯಾಸಕರವಾಗಿದ್ದಿತು. ಈಗ ಒಂದೇ ಪದದಿಂದ ಕಾಯುವುದು ಸಾಧ್ಯವಾದ ಕಾರಣ, ಕಾಯುತ್ತಿದ್ದೇವೆಂಬ ಅರಿವೇ ಬರೆಯುವವನಿಗೆ ತಪ್ಪಿಹೋಗುತ್ತದೆ.

ಗಡುವೇ ಇಲ್ಲದಿದ್ದರೆ ಏನಾಗುತ್ತದೆ? ಚೀಟಿ ಕಳೆದುಹೋಗಿದ್ದರೆ ಓದುಗನು ಸಂಜೆಯ ತನಕ ಕಾದು ಎದ್ದುಹೋಗುತ್ತಾನೆ. ಅವನಿಗೆ ಹಸಿವೆಯುಂಟು, ಬೇಸರವುಂಟು. ಯಂತ್ರಕ್ಕೆ ಇವೆರಡೂ ಇಲ್ಲ. ಹೇಳದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಪೈಥಾನಿನಲ್ಲಿ ಬಹಳ ಬಳಕೆಯಲ್ಲಿರುವ ‘ರಿಕ್ವೆಸ್ಟ್ಸ್’ ಎಂಬ ಉಪಕರಣವು, ನಾವು ಬೇರೆಯಾಗಿ ಸೂಚಿಸದ ಹೊರತು, ಯಾವ ಗಡುವನ್ನೂ ತಾನಾಗಿ ಇಟ್ಟುಕೊಳ್ಳುವುದಿಲ್ಲ. ಸೂಚಿಸಿದರೂ ಆ ಗಡುವು ಇಡೀ ಕೆಲಸಕ್ಕಲ್ಲ. ಸಂಪರ್ಕ ದೊರೆಯುವುದಕ್ಕೂ, ಅನಂತರ ಎರಡು ತುಣುಕುಗಳ ನಡುವಣ ಮೌನಕ್ಕೂ ಮಾತ್ರ ಅನ್ವಯಿಸುತ್ತದೆ. ನಾಲ್ಕು ಸೆಕೆಂಡಿಗೊಂದು ತುಣುಕನ್ನು ಕಳುಹಿಸುವ ಸರ್ವರು ಐದು ಸೆಕೆಂಡುಗಳ ಗಡುವಿಗೆ ಸಿಕ್ಕದೆ ಗಂಟೆಗಟ್ಟಲೆ ನಮ್ಮನ್ನು ಕಾಯಿಸಬಲ್ಲುದು. ಒಂದು ಕೋರಿಕೆ ಹೀಗೆ ನಿಂತರೆ ನಷ್ಟ ಅಲ್ಪ. ಆದರೆ ನಿಂತ ಪ್ರತಿಯೊಂದು ಕೋರಿಕೆಯೂ ಸ್ವಲ್ಪ ಸ್ಮೃತಿಯನ್ನೂ ಒಂದು ಸಂಪರ್ಕವನ್ನೂ ಹಿಡಿದುಕೊಂಡಿರುತ್ತದೆ. ನಿಂತವು ಸಾವಿರವಾದಾಗ, ಹೊಸದಾಗಿ ಬರುವವರಿಗೆ ಕೊಡಲು ಏನೂ ಉಳಿಯದೆ, ಯಾವ ದೋಷವೂ ಇಲ್ಲದ ಯಂತ್ರವೇ ನಿಂತುಹೋಗುತ್ತದೆ.

ಇನ್ನು ಗಡುವನ್ನು ಇಡುವ ವಿಧಾನ. ಸ್ಥೂಲವಾಗಿ ಇದರಲ್ಲಿ ಎರಡು ಬಗೆಗಳುಂಟು. ಇವುಗಳ ಭೇದವನ್ನು ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲವೆಂದು ನನ್ನ ಅಭಿಪ್ರಾಯ. ಮೊದಲನೆಯದು ಪಂದ್ಯ. ಉತ್ತರವನ್ನೂ ಗಡಿಯಾರವನ್ನೂ ಒಟ್ಟಿಗೆ ಓಡಲು ಬಿಟ್ಟು, ಯಾವುದು ಮೊದಲು ಮುಟ್ಟುವುದೋ ಅದನ್ನು ಒಪ್ಪಿಕೊಳ್ಳುವುದು. ಜಾವಾಸ್ಕ್ರಿಪ್ಟಿನ ‘ಪ್ರಾಮಿಸ್ ರೇಸ್’ ಎಂಬುದು ಇಂಥದು. ಇಲ್ಲಿ ಗಡಿಯಾರ ಗೆದ್ದರೆ ನಮ್ಮ ಕಾಯುವಿಕೆ ಮುಗಿಯಿತೇ ಹೊರತು ಕೆಲಸ ಮುಗಿಯಲಿಲ್ಲ. ಓದುಗನು ಎದ್ದುಹೋದನೆಂಬುದು ಒಳಗೆ ಕಪಾಟುಗಳ ನಡುವೆ ಹುಡುಕುತ್ತಿರುವವರಿಗೆ ಗೊತ್ತಿಲ್ಲ. ಅವರು ಕಡತವನ್ನು ಹೊತ್ತು ತಂದು ಬರಿದಾದ ಮೇಜಿನ ಮೇಲೆ ಇಡುತ್ತಾರೆ. ಎರಡನೆಯ ಬಗೆಯಲ್ಲಿ, ಗಡುವು ಮೀರಿದ ಕೂಡಲೇ ‘ಇನ್ನು ಬೇಡ’ ಎಂಬ ಸೂಚನೆಯನ್ನು ಕೆಲಸದವನಿಗೂ ಮುಟ್ಟಿಸಲಾಗುತ್ತದೆ. ಜಾವಾಸ್ಕ್ರಿಪ್ಟಿನ ‘ಅಬಾರ್ಟ್ ಸಿಗ್ನಲ್’, 2022ರ ಪೈಥಾನ್ 3.11ರಲ್ಲಿ ಬಂದ ‘ಅಸಿಂಕ್‌ಐಓ ಟೈಮ್‌ಔಟ್’ ಇವು ಈ ಜಾತಿಯವು. ಸಾಧ್ಯವಿರುವೆಡೆಯಲ್ಲೆಲ್ಲ ಈ ಎರಡನೆಯದನ್ನೇ ಬಳಸತಕ್ಕದ್ದು.

ಆದರೆ ‘ಬೇಡ’ ಎಂದು ಹೇಳಿದ ಮಾತ್ರಕ್ಕೆ ಕೆಲಸ ನಿಲ್ಲುವುದೆಂದು ಭಾವಿಸಲಾಗದು. ಈ ಸೂಚನೆ ಬಲಾತ್ಕಾರವಲ್ಲ, ವಿನಂತಿ. ಪೈಥಾನಿನಲ್ಲಿ ಅದು ಕೆಲಸದೊಳಗೆ ಒಂದು ಅಪವಾದವಾಗಿ ಏಳುತ್ತದೆ, ಅದೂ ಕೆಲಸವು ‘ಅವೇಟ್’ ಎಂದು ಎಡೆಗೊಟ್ಟ ಸ್ಥಾನದಲ್ಲಿ ಮಾತ್ರ. ಒಮ್ಮೆಯೂ ಎಡೆಗೊಡದೆ ಹತ್ತು ಸೆಕೆಂಡು ಲೆಕ್ಕದಲ್ಲಿ ಮುಳುಗಿರುವ ಕೆಲಸಕ್ಕೆ ಐದು ಸೆಕೆಂಡುಗಳ ಗಡುವನ್ನಿಟ್ಟರೆ, ಆ ಗಡುವಿನ ಗಂಟೆಯನ್ನು ಬಾರಿಸಬೇಕಾದವನೂ ಅದೇ ಸರದಿಯಲ್ಲಿ ನಿಂತಿರುವುದರಿಂದ, ಗಂಟೆ ಕೇಳುವುದು ಹತ್ತು ಸೆಕೆಂಡುಗಳಾದ ಮೇಲೆಯೇ. ಎಲ್ಲ ಅಪವಾದಗಳನ್ನೂ ಹಿಡಿದು ನುಂಗಿಬಿಡುವ ದುರಭ್ಯಾಸವುಳ್ಳ ಕೋಡು ಈ ಸೂಚನೆಯನ್ನೂ ನುಂಗಿ ಏನೂ ಆಗಿಲ್ಲವೆಂಬಂತೆ ಮುಂದುವರಿದೀತು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ನಮ್ಮ ಯಂತ್ರದಲ್ಲಿ ಕೆಲಸ ನಿಂತರೂ ದೂರದ ಯಂತ್ರದಲ್ಲಿ ಅದು ನಿಂತಿರಬೇಕೆಂದಿಲ್ಲ. ಸಂಪರ್ಕ ಕಡಿದುದನ್ನು ಅದು ಗಮನಿಸುವಷ್ಟರಲ್ಲಿ ಹಣ ಖಾತೆಯಿಂದ ಹೋಗಿರಬಹುದು, ದಾಖಲೆ ಬರೆದಾಗಿರಬಹುದು.

ಗಡುವು ಎಷ್ಟಿರಬೇಕು? ಪ್ರಾಯಶಃ ಎಲ್ಲರೂ 30 ಸೆಕೆಂಡು, 60 ಸೆಕೆಂಡು ಎಂದು ಬಾಯಿಗೆ ಬಂದುದನ್ನು ಬರೆಯುತ್ತಾರೆ. ಇದಕ್ಕೊಂದು ಶಾಸ್ತ್ರವಿದೆ, ಆ ಶಾಸ್ತ್ರ ಹುಟ್ಟಿದ ಸಂದರ್ಭವು ಇತಿಹಾಸದ ವಿದ್ಯಾರ್ಥಿಗಳು ತಿಳಿಯಬೇಕಾದುದು. ಇಂಟರ್‌ನೆಟ್ಟಿನಲ್ಲಿ ಸಂದೇಶಗಳ ತುಣುಕುಗಳನ್ನು ತಲುಪಿಸುವ ಹೊಣೆ ಹೊತ್ತ ಟಿಸಿಪಿ ಎಂಬ ನಿಯಮಾವಳಿಯು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಕಳುಹಿಸಿದ ತುಣುಕಿಗೆ ರಸೀದಿ ಬಾರದಿದ್ದರೆ ಅದನ್ನು ಪುನಃ ಕಳುಹಿಸಬೇಕು. ಎಷ್ಟು ಕಾದ ಮೇಲೆ? ಹಿಂದಿನ ರಸೀದಿಗಳು ಬರಲು ಹಿಡಿದ ಕಾಲದ ಸರಾಸರಿಯನ್ನು ತೆಗೆದು, ಅದನ್ನು 1.3ರಿಂದ 2ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಬೇಕೆಂದು ಆ ನಿಯಮ ಸೂಚಿಸಿದ್ದಿತು. ನೋಡುವುದಕ್ಕೆ ಇದು ನ್ಯಾಯವಾಗಿಯೇ ಇದೆ. 1984ರಲ್ಲಿ ಜಾನ್ ನೇಗಲ್ ಎಂಬವರು, ದಟ್ಟಣೆ ಹೆಚ್ಚಿದಾಗ ಜಾಲವೇ ಕುಸಿಯುವ ಸಂಭವವಿದೆಯೆಂದು ಎಚ್ಚರಿಸಿದರು. ಎರಡು ವರ್ಷಗಳಲ್ಲಿ ಅದು ಕಣ್ಣಮುಂದೆ ನಡೆಯಿತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವೆ, ಕೇವಲ 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್‌ಗಳಷ್ಟಿದ್ದ ಸಾಗಾಟವು 40 ಬಿಟ್‌ಗಳಿಗೆ ಇಳಿಯಿತು. ಎಂಟುನೂರರಲ್ಲಿ ಒಂದು ಪಾಲು!

ತಂತಿ ಕಡಿದಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ. ಕಾರಣಗಳು ಹಲವಿದ್ದವು, ಅವುಗಳಲ್ಲಿ ನಮಗೆ ಪ್ರಕೃತವಾದುದು ಗಡುವಿನ ಲೆಕ್ಕ. ದಟ್ಟಣೆ ಹೆಚ್ಚಿದಂತೆ ತುಣುಕುಗಳು ಸಾಲಿನಲ್ಲಿ ತಡೆದು ನಿಂತವು. ಕಳುಹಿಸಿದವರ ಗಡುವುಗಳು ಮೀರಿದವು. ಸಾಲಿನಲ್ಲಿ ಜೀವಂತವಾಗಿಯೇ ಇದ್ದ ತುಣುಕುಗಳನ್ನು ಕಳೆದುಹೋದುವೆಂದು ಎಣಿಸಿ ಅವರು ಎರಡನೆಯ ಪ್ರತಿಗಳನ್ನು ಕಳುಹಿಸಿದರು. ಆ ಪ್ರತಿಗಳು ಅದೇ ಸಾಲಿಗೆ ಬಂದು ನಿಂತು, ಸಾಲು ಇನ್ನಷ್ಟು ಉದ್ದವಾಗಿ, ಮತ್ತಷ್ಟು ಗಡುವುಗಳು ಮೀರಿದವು. ವ್ಯಾನ್ ಜೇಕಬ್‌ಸನ್ ಅವರು ಮೈಕೆಲ್ ಕ್ಯಾರೆಲ್ಸ್ ಅವರೊಡನೆ ಕೂಡಿ ಇದನ್ನು ಶೋಧಿಸಿ, ಪರಿಹಾರಗಳನ್ನು 1988ರ ಪ್ರಬಂಧವೊಂದರಲ್ಲಿ ವಿವರಿಸಿದರು. ಸರಾಸರಿಯೊಂದೇ ಸಾಲದು, ಸರಾಸರಿಯಿಂದ ಎಷ್ಟು ಆಚೀಚೆ ಓಲಾಡುತ್ತದೆಂಬುದನ್ನೂ ಅಳೆಯಬೇಕು ಎಂಬುದು ಅವುಗಳಲ್ಲೊಂದು. ಇದನ್ನು ಬಸ್ಸಿನ ದೃಷ್ಟಾಂತದಿಂದ ತಿಳಿಯಬಹುದು. ಒಂದು ಬಸ್ಸು ದಿನವೂ ಸರಿಯಾಗಿ 30 ನಿಮಿಷದಲ್ಲಿ ಊರು ಮುಟ್ಟುತ್ತದೆ. ಇನ್ನೊಂದು ಒಮ್ಮೆ 10 ನಿಮಿಷದಲ್ಲಿ, ಒಮ್ಮೆ 50 ನಿಮಿಷದಲ್ಲಿ ಮುಟ್ಟುತ್ತದೆ. ಸರಾಸರಿ ಎರಡಕ್ಕೂ ಒಂದೇ. ಆದರೆ 40 ನಿಮಿಷವಾದರೂ ಬಾರದಿದ್ದರೆ ಮೊದಲನೆಯದರ ವಿಷಯದಲ್ಲಿ ಆತಂಕಪಡಬೇಕು, ಎರಡನೆಯದರ ವಿಷಯದಲ್ಲಿ ಪಡಬೇಕಾಗಿಲ್ಲ. 2011ರಲ್ಲಿ ಪರಿಷ್ಕೃತವಾದ ನಿಯಮದ ಪ್ರಕಾರ ಗಡುವು ಎಂದರೆ ಸರಾಸರಿಗೆ ಓಲಾಟದ ನಾಲ್ಕು ಪಟ್ಟನ್ನು ಕೂಡಿಸಿದುದು. ಏನೂ ತಿಳಿಯದ ಆರಂಭದಲ್ಲಿ 1 ಸೆಕೆಂಡು. ಮೀರಿದ ಪ್ರತಿ ಸಲವೂ ಹಿಂದಿನದರ ಇಮ್ಮಡಿ. ಉತ್ತರ ಬಾರದಿದ್ದಾಗ ಅವಸರಪಡಿಸುವ ಬದಲು ಇನ್ನೂ ನಿಧಾನಿಸುವುದು ವಿಚಿತ್ರವೆನಿಸಬಹುದು. ಆದರೆ ದಟ್ಟಣೆಯಿಂದ ಬಿಡುಗಡೆಗೆ ಅದೇ ದಾರಿ.

ಇದೇ ಸಂದರ್ಭದಲ್ಲಿ ಹುಟ್ಟಿದ ಇನ್ನೊಂದು ಸೂಕ್ಷ್ಮ ಚರ್ಚೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂದು ತುಣುಕನ್ನು ಕಳುಹಿಸಿ, ಗಡುವು ಮೀರಿತೆಂದು ಅದರ ಪ್ರತಿಯನ್ನೂ ಕಳುಹಿಸಿದ ಮೇಲೆ ಒಂದು ರಸೀದಿ ಬಂದಿತೆನ್ನೋಣ. ಅದು ಮೂಲಕ್ಕೆ ಬಂದುದೋ ಪ್ರತಿಗೆ ಬಂದುದೋ? ಮೂಲಕ್ಕೆಂದರೆ ಕಾಲ ದೀರ್ಘ, ಪ್ರತಿಗೆಂದರೆ ಹ್ರಸ್ವ. ತಪ್ಪು ಊಹೆ ಮುಂದಿನ ಗಡುವುಗಳನ್ನೆಲ್ಲ ಕೆಡಿಸುತ್ತದೆ. 1987ರಲ್ಲಿ ಫಿಲ್ ಕಾರ್ನ್ ಮತ್ತು ಕ್ರೇಗ್ ಪಾರ್ಟ್ರಿಜ್ ಕೊಟ್ಟ ಪರಿಹಾರವೆಂದರೆ, ಇಂಥ ಸಂದಿಗ್ಧ ರಸೀದಿಯನ್ನು ಕಾಲದ ಲೆಕ್ಕಕ್ಕೆ ಸೇರಿಸಲೇಕೂಡದು. ತೇದಿಯಿಲ್ಲದ ಓಲೆಯೊಂದು ಎರಡು ಪತ್ರಗಳಲ್ಲಿ ಯಾವುದಕ್ಕೆ ಉತ್ತರವೆಂದು ನಿರ್ಣಯಿಸಲಾಗದೆ, ಅದರ ಆಧಾರದ ಮೇಲೆ ಕಾಲನಿರ್ಣಯ ಮಾಡದೆ ಬಿಡುವ ವಿದ್ವಾಂಸನ ಸಂಯಮ ಇದು.

ಗಡುವುಗಳನ್ನು ಒಂದರೊಳಗೊಂದು ಇಡುವಾಗಲೂ ಎಚ್ಚರ ಬೇಕು. ನಮ್ಮ ಪ್ರೋಗ್ರಾಂ ಹತ್ತು ಸೆಕೆಂಡಿನಲ್ಲಿ ಉತ್ತರಿಸಬೇಕಾಗಿದ್ದು, ಅದು ಒಂದಾದ ಮೇಲೊಂದರಂತೆ ಮೂವರನ್ನು ವಿಚಾರಿಸಬೇಕಾಗಿದ್ದರೆ, ಮೂವರಿಗೂ ಹತ್ತು ಹತ್ತು ಸೆಕೆಂಡು ಕೊಟ್ಟರೆ ಒಟ್ಟು ಮೂವತ್ತಾಗುತ್ತದೆ. ಕೇಳಿದವನು ಹತ್ತಕ್ಕೇ ಎದ್ದುಹೋಗಿರುತ್ತಾನೆ. ಆದುದರಿಂದ ‘ಇಷ್ಟು ಹೊತ್ತು’ ಎಂಬುದಕ್ಕಿಂತ ‘ಇಂಥ ಕ್ಷಣದೊಳಗೆ’ ಎಂಬ ಮಾತನ್ನೇ ಕೆಳಗಿನವರಿಗೆ ಸಾಗಿಸುವುದು ಮೇಲು. 2016ರಲ್ಲಿ ಗೋ ಭಾಷೆಯ 1.7ನೆಯ ಆವೃತ್ತಿಗೆ ಸೇರಿದ ‘ಕಾಂಟೆಕ್ಸ್ಟ್’ ಎಂಬ ಸಾಧನ ಇದನ್ನೇ ಮಾಡುತ್ತದೆ. ಆ ಕ್ಷಣವನ್ನು ಅಳೆಯುವ ಗಡಿಯಾರವಾದರೋ ಗೋಡೆಯ ಗಡಿಯಾರವಾಗಕೂಡದು. ಗೋಡೆಯ ಗಡಿಯಾರವನ್ನು ತಿದ್ದುತ್ತಾರೆ. 2012ರ ಜೂನ್ 30ರಂದು ಲೋಕದ ಗಡಿಯಾರಗಳಿಗೆ ಒಂದು ಅಧಿಕ ಸೆಕೆಂಡನ್ನು ಸೇರಿಸಿದಾಗ, ಲಿನಕ್ಸ್ ವ್ಯವಸ್ಥೆಯಲ್ಲಿದ್ದ ಒಂದು ದೋಷದಿಂದ, ಒಂದು ಸೆಕೆಂಡಿಗಿಂತ ಕಡಮೆಯ ಗಡುವುಗಳು ಇಟ್ಟ ಕೂಡಲೇ ಮೀರತೊಡಗಿ ಅನೇಕ ಸರ್ವರುಗಳು ಏದುಸಿರು ಬಿಟ್ಟವು. 1752ರಲ್ಲಿ ಬ್ರಿಟನ್ನು ಹೊಸ ಪಂಚಾಂಗಕ್ಕೆ ಬದಲಾಗಿ ಸೆಪ್ಟೆಂಬರ್ 2ರ ಮರುದಿನ 14 ಬಂದಾಗ, ಬಾಡಿಗೆ ಮತ್ತು ಸಾಲಗಳ ವಾಯಿದೆಗಳು ಹನ್ನೊಂದು ದಿನ ಮುಂಚಿತವಾಗಿ ಬಾರದಂತೆ, ಅವನ್ನು ವಾಸ್ತವವಾಗಿ ಕಳೆದ ದಿನಗಳಿಂದಲೇ ಎಣಿಸತಕ್ಕದ್ದೆಂದು ಆ ಕಾಯಿದೆಯಲ್ಲೇ ವಿಧಿಸಲಾಗಿದ್ದಿತು. ಹಿಂದಕ್ಕೂ ಮುಂದಕ್ಕೂ ತಿದ್ದಲಾಗದ, ಒಂದೇ ಸಮನೆ ಮುಂದೆ ಸಾಗುವ ಎಣಿಕೆಯೊಂದನ್ನು ಪ್ರೋಗ್ರಾಂ ಭಾಷೆಗಳು ಒದಗಿಸಿರುವುದು ಇದೇ ಪ್ರಯೋಜನಕ್ಕಾಗಿ.

ಇಷ್ಟೆಲ್ಲ ಮಾಡಿದ ಮೇಲೂ ಗಡುವು ಮೀರಿದರೆ ನಮಗೆ ತಿಳಿದದ್ದೇನು? ಇಲ್ಲಿಯೇ ವಿಷಯದ ತಿರುಳಿದೆ. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ 108ನೆಯ ಪ್ರಕರಣವು, ಏಳು ವರ್ಷ ಕಾಲ ಸುದ್ದಿ ತಿಳಿಯಬೇಕಾಗಿದ್ದವರಿಗೆ ಯಾವ ಸುದ್ದಿಯೂ ಇಲ್ಲದ ಮನುಷ್ಯನು ಬದುಕಿದ್ದಾನೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕೆಂದು ವಿಧಿಸಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಅವನು ಸತ್ತನೆಂದು ಕಾಯಿದೆ ಕಂಡಿಲ್ಲ. ಯಾವಾಗ ಸತ್ತನೆಂಬುದನ್ನು ಇದರಿಂದ ಊಹಿಸಲಾಗದೆಂದು ನ್ಯಾಯಾಲಯಗಳು ಸ್ಪಷ್ಟವಾಗಿ ಹೇಳಿವೆ. ಉಳಿದವರ ಬಾಳು ನಡೆಯಬೇಕಾದುದರಿಂದ ಮಾಡಿಕೊಂಡ ಒಂದು ಏರ್ಪಾಡು ಇದು. ಸುದ್ದಿ ಬಾರದಿರುವುದಕ್ಕೂ ಸಂಗತಿ ನಡೆಯದಿರುವುದಕ್ಕೂ ಎಷ್ಟು ಅಂತರವುಂಟೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ. 1783ರ ಜನವರಿ 20ರಂದು ವರ್ಸೇಲ್ಸಿನಲ್ಲಿ ಬ್ರಿಟನ್ನೂ ಫ್ರಾನ್ಸೂ ಶಾಂತಿಯ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿದವು. ಐದು ತಿಂಗಳಾದ ಮೇಲೆ, ಜೂನ್ 20ರಂದು, ಕಡಲೂರಿನ ಹತ್ತಿರದ ಸಮುದ್ರದಲ್ಲಿ ಸುಫ್ರಾನ್ ಮತ್ತು ಹ್ಯೂಸ್ ಇವರ ನೌಕಾಬಲಗಳು ಕಾದಾಡಿದವು. ಶಾಂತಿಯಾಗಿದ್ದಿತು, ಅದರ ಸುದ್ದಿ ಹಡಗಿನಲ್ಲಿದ್ದಿತು. ಸುದ್ದಿ ತಲುಪಿದ ಮೇಲೆಯೇ ಮಂಗಳೂರಿನ ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಸೇನೆಯೊಂದಿಗಿದ್ದ ಫ್ರೆಂಚರು ಯುದ್ಧದಿಂದ ಸರಿದುನಿಂತರು.

ಗಣಕಶಾಸ್ತ್ರಜ್ಞರು ಈ ಸಂದೇಹವನ್ನು ಗಣಿತದಿಂದಲೇ ಸ್ಥಾಪಿಸಿದ್ದಾರೆ. ಮೈಕೆಲ್ ಫಿಶರ್, ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್‌ಸನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸಂದೇಶಗಳು ಎಷ್ಟು ಬೇಕಾದರೂ ತಡವಾಗಬಹುದಾದ ಜಾಲದಲ್ಲಿ ಒಂದೇ ಒಂದು ಯಂತ್ರ ನಿಂತುಹೋಗುವ ಸಂಭವವಿದ್ದರೂ, ಉಳಿದವು ಒಮ್ಮತಕ್ಕೆ ಬಂದೇ ತೀರುವುದೆಂದು ಭರವಸೆ ಕೊಡುವ ನಿಯತಕ್ರಮದ ವಿಧಾನ ಯಾವುದೂ ಇರಲಾರದು. ಸತ್ತ ಯಂತ್ರವನ್ನೂ ನಿಧಾನವಾದ ಯಂತ್ರವನ್ನೂ ಹೊರಗಿನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಗಡುವೆಂಬುದು ಅವನ್ನು ಬೇರ್ಪಡಿಸುವುದಿಲ್ಲ. ಬೇರ್ಪಡಿಸಿದಂತೆ ನಡೆದುಕೊಳ್ಳಲು ನಮಗೆ ಅಧಿಕಾರ ಕೊಡುತ್ತದೆ, ಅಷ್ಟೆ.

ಹೀಗಿರಲು, ಗಡುವು ಮೀರಿದುದನ್ನು ‘ವಿಫಲವಾಯಿತು’ ಎಂದು ಬರೆದುಕೊಳ್ಳುವ ಪ್ರೋಗ್ರಾಂ ಅಪಾಯಕಾರಿ. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ. ವಿದ್ಯಾರ್ಥಿ ಮೊಬೈಲಿನಿಂದ ಹಣ ಕಟ್ಟುತ್ತಾನೆ, ಪರದೆಯ ಮೇಲೆ ‘ಸಮಯ ಮೀರಿತು’ ಎಂದು ಬರುತ್ತದೆ, ಪುನಃ ಒತ್ತುತ್ತಾನೆ. ಮೊದಲನೆಯ ಕೋರಿಕೆ ಬ್ಯಾಂಕಿನಲ್ಲಿ ಆಗಲೇ ನೆರವೇರಿದ್ದರೆ ಹಣ ಎರಡು ಸಲ ಹೋಯಿತು. ಇನ್ನೊಂದು ತಿಂಗಳಿಗೆಂದು ಊರಿನಿಂದ ತಂದ ಹಣ ಅದಾಗಿರಬಹುದೆಂಬುದು ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ತಿಳಿಯದ ಸಂಗತಿಯಲ್ಲ.

ವರ್ತಕರು ಈ ಗಂಟನ್ನು ಬಹಳ ಹಿಂದೆಯೇ ಬಿಡಿಸಿದ್ದರು. ಹಡಗು ಮುಳುಗಬಹುದೆಂಬ ಭಯದಿಂದ ದೂರದೇಶದ ಹುಂಡಿಯನ್ನು ಎರಡು ಮೂರು ಪ್ರತಿಗಳಲ್ಲಿ ಬರೆದು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯಿದ್ದು, ಉಳಿದವುಗಳಿಗೆ ಹಣ ಸಂದಿಲ್ಲದಿದ್ದರೆ ಮಾತ್ರ ಇದಕ್ಕೆ ಕೊಡತಕ್ಕದ್ದೆಂದು ಅದರಲ್ಲಿಯೇ ಬರೆದಿರುತ್ತಿದ್ದಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 132ನೆಯ ಪ್ರಕರಣ ಈ ಪ್ರತಿಗಳೆಲ್ಲ ಸೇರಿ ಒಂದೇ ಹುಂಡಿಯೆಂದು ಹೇಳುತ್ತದೆ. ನಮ್ಮ ದೇಶದ ಸಾಹುಕಾರರಲ್ಲಿಯೂ, ಹುಂಡಿ ಕಳೆದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯದು ಕೊಡುವ ಪದ್ಧತಿಯಿದ್ದಿತು. ಪ್ರೋಗ್ರಾಮಿನಲ್ಲಿಯೂ ಮಾಡಬೇಕಾದುದು ಇದೇ. ಮೊದಲ ಪ್ರಯತ್ನಕ್ಕೆ ಮುನ್ನವೇ ಆ ವ್ಯವಹಾರಕ್ಕೊಂದು ಸಂಖ್ಯೆಯನ್ನು ಸೃಷ್ಟಿಸಿ, ಭದ್ರವಾಗಿ ಬರೆದಿಟ್ಟು, ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆಯನ್ನು ಕಳುಹಿಸಬೇಕು. ಆ ಸಂಖ್ಯೆಯನ್ನು ಒಮ್ಮೆ ನೆರವೇರಿಸಿದ ಬ್ಯಾಂಕು ಎರಡನೆಯ ಸಲ ಹಣ ಕಡಿಯದೆ ಮೊದಲಿನ ಉತ್ತರವನ್ನೇ ಹಿಂದಿರುಗಿಸಬೇಕು. ಒತ್ತಿದ ಪ್ರತಿ ಸಲವೂ ಹೊಸ ಸಂಖ್ಯೆ ಹುಟ್ಟುವಂತೆ ಬರೆದರೆ ಈ ರಕ್ಷಣೆಯೇ ಇಲ್ಲ. ಪರದೆಯ ಮೇಲೂ ‘ಆಯಿತು’, ‘ಆಗಲಿಲ್ಲ’ ಎಂಬ ಎರಡು ಮಾತುಗಳ ಜೊತೆಗೆ ‘ಇನ್ನೂ ತಿಳಿದಿಲ್ಲ, ವಿಚಾರಿಸುತ್ತಿದ್ದೇವೆ’ ಎಂಬ ಮೂರನೆಯದಕ್ಕೆ ಸ್ಥಳವಿರಬೇಕು. ಅನಂತರ ನಿಜವಾಗಿಯೂ ವಿಚಾರಿಸಬೇಕು.

ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಈ ಮೂರನೆಯ ಸ್ಥಿತಿಗೂ ಒಂದು ಗಡುವನ್ನು ಇಟ್ಟಿತು. ಯುಪಿಐ ಮೂಲಕ ವರ್ತಕನಿಗೆ ಹಣ ಕೊಡುವಾಗ ಖಾತೆಯಿಂದ ಹಣ ಹೋಗಿ ಅವನಿಗೆ ದೃಢೀಕರಣ ತಲುಪದಿದ್ದರೆ, ವ್ಯವಹಾರದ ದಿನದ ಮೇಲೆ ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಣದ ಮಟ್ಟಿಗೆ ಇದು ಸಾಕು. ಆದರೆ ಐದನೆಯ ದಿನ ಹಣ ಹಿಂದಿರುಗಿದ ವಿದ್ಯಾರ್ಥಿಯ ಹೆಸರಿನಲ್ಲಿ ಶುಲ್ಕ ಸಂದ ದಾಖಲೆಯಿರುವುದಿಲ್ಲ, ಕೊನೆಯ ದಿನವೂ ಕಳೆದಿರುತ್ತದೆ. ಶುಲ್ಕ ವಸೂಲಿಯ ಪ್ರೋಗ್ರಾಂ ಬರೆಸುವ ಸಂಸ್ಥೆಗಳು, ಹಣ ಕೈಸೇರಿದ ವೇಳೆಯೊಂದನ್ನೇ ನೋಡದೆ, ವ್ಯವಹಾರದ ಸಂಖ್ಯೆ ಮೊದಲು ಹುಟ್ಟಿದ ವೇಳೆಯನ್ನೂ ದಾಖಲೆಯಲ್ಲಿ ಉಳಿಸಿ, ಕೊನೆಯ ದಿನವನ್ನು ಅದರಿಂದ ನಿರ್ಣಯಿಸುವುದು ನ್ಯಾಯವಾದೀತು.